ಗುಪ್ತ ಸಂಘ, ಒಂದು ಖಾಸಗಿ ಪತ್ರ ಮತ್ತು ನಮ್ಮ ಶಾಲೆ

ಮೊನ್ನೆ ಏಳನೇ ತರಗತಿಯಲ್ಲಿ ಸಮಾಜ ಪಾಠ ಮುಗಿಸಿ ಡಸ್ಟರ್ ಕೆಳಗಿಡುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಒಂದು ಕೇಳ್ಲಾ? ನಮ್ಮ ಕನ್ನಡ ಸ್ಕೂಲುಗಳನ್ನೆಲ್ಲ ಮುಚ್ಚಬೇಕು ಅಂತ ಇಲ್ಯುಮಿನಾಟಿಯವರು ಆಗಲೇ ತೀರ್ಮಾನ ಮಾಡಿದ್ದಾರಂತೆ. ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳೆಲ್ಲ ಅವರ ಕೈಯಲ್ಲೇ ಇವೆಯಂತೆ. ಅವರು ಬರೆದುಕೊಟ್ಟಿದ್ದನ್ನೇ ಸರ್ಕಾರ ಮಾಡುತ್ತಂತೆ. ನಿಜಾನಾ ಸಾರ್?"

ಇಡೀ ತರಗತಿ ನಕ್ಕಿತು. ನನಗೂ ನಗು ಬಂದಿತ್ತು, ತಡೆದುಕೊಂಡೆ. "ಯಾರಪ್ಪ ಹೇಳಿದ್ದು ನಿನಗೆ?" ಎಂದೆ. ಅಣ್ಣನ ಮೊಬೈಲಿನಲ್ಲಿ ವಿಡಿಯೋ ನೋಡಿದ್ದನಂತೆ. ಅದು ದೊಡ್ಡದಲ್ಲ, ಅವನು ಆಮೇಲೆ ಹೇಳಿದ ಮಾತು ನನ್ನನ್ನು ಕಾಡಿತು. "ನಮ್ಮಪ್ಪನೂ ನೋಡಿದ ಸಾರ್. ಹೆಂಗೂ ಮುಚ್ಚೋ ಸ್ಕೂಲು, ಮುಂದಿನ ವರ್ಷ ಟಿ.ಸಿ. ತೆಗೆಸಿಬಿಡೋಣ ಅಂತ ಅಂದ."

ಸ್ನೇಹಿತರೇ, ಈಗ ಹೇಳಿ, ಇದು ನಗುವ ವಿಷಯವೇ? ಆ ಹುಡುಗನಿಗೆ "ಎಲ್ಲಾ ಸುಳ್ಳು, ಕೂತ್ಕೋ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಬಿ.ಎ.ಯಲ್ಲಿ ಇತಿಹಾಸ ಓದಿದ ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಏಕೆಂದರೆ ಅದು ಪೂರ್ತಿ ಸುಳ್ಳಲ್ಲ! ಒಂದು ಕಾಲದಲ್ಲಿ ಒಂದು ಗುಂಪು ತೆರೆಯ ಹಿಂದೆ ಕೂತು ಭಾರತದ ಆಡಳಿತ ಹೇಗಿರಬೇಕೆಂದು ಬರೆದದ್ದು ಉಂಟು. ಆ ಗುಂಪಿನವರೇ ಮುಂದೆ ಲಂಡನ್ನಿನಲ್ಲಿ ಜಗತ್ಪ್ರಸಿದ್ಧ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದ್ದೂ ಉಂಟು. ಅವರು ಬರೆದದ್ದರ ಫಲವನ್ನು ನಮ್ಮ ಆದೋನಿಯ ಶಾಲೆಗಳೂ ಹದಿನಾರು ವರ್ಷ ಉಂಡಿವೆ. "ಸೋಮವಾರ ಹೇಳ್ತೀನಿ" ಎಂದು ಹುಡುಗನಿಗೆ ಮಾತು ಕೊಟ್ಟೆ. ಆ ಸೋಮವಾರ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಲ್ಯುಮಿನಾಟಿಯ ವಿಷಯ ಮುಗಿಸಿಬಿಡೋಣ. ಆ ಹೆಸರಿನ ಸಂಘ ನಿಜವಾಗಿಯೂ ಇತ್ತು. 1776ರ ಮೇ 1ರಂದು ಜರ್ಮನಿಯ ಬವೇರಿಯಾದಲ್ಲಿ ಆಡಂ ವೈಸ್‌ಹಾಪ್ಟ್ ಎಂಬ ಕಾನೂನು ಪ್ರಾಧ್ಯಾಪಕ ಅದನ್ನು ಶುರು ಮಾಡಿದ. ಚರ್ಚಿನ ಹಿಡಿತದಿಂದ ವಿದ್ಯಾವಂತರನ್ನು ಬಿಡಿಸಬೇಕು ಎಂಬುದು ಅವನ ಆಸೆ. 1784-85ರಲ್ಲಿ ಅಲ್ಲಿನ ದೊರೆ ಆಜ್ಞೆ ಹೊರಡಿಸಿ ಅದನ್ನು ನಿಷೇಧಿಸಿದ. ಅಲ್ಲಿಗೆ ಸಂಘದ ಕಥೆ ಮುಗಿಯಿತು. ಆದರೆ 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತಲ್ಲ, ಅಷ್ಟು ದೊಡ್ಡ ಸಿಂಹಾಸನ ಉರುಳಿದ್ದನ್ನು ನಂಬಲಾರದವರು ಕಾರಣ ಹುಡುಕಿದರು. ಹಸಿವು, ಸಾಲ, ತೆರಿಗೆ ಇವು ಯಾವುವೂ ಅವರ ಕಣ್ಣಿಗೆ ಬೀಳಲಿಲ್ಲ. 1797ರಲ್ಲಿ ಬ್ಯಾರುಯೆಲ್ ಎಂಬ ಪಾದ್ರಿ, ಇದೆಲ್ಲ ಇಲ್ಯುಮಿನಾಟಿಗಳ ಸಂಚು ಎಂದು ದಪ್ಪ ದಪ್ಪ ಪುಸ್ತಕ ಬರೆದ. ಸತ್ತ ಸಂಘಕ್ಕೆ ಮತ್ತೆ ಜೀವ ಬಂತು. ಇನ್ನೂರು ವರ್ಷ ದಾಟಿದರೂ ಆ ದೆವ್ವ ಮೊಬೈಲಿನಲ್ಲಿ ಓಡಾಡುತ್ತಿದೆ.

ಇನ್ನು ನಿಜವಾದ ಕಥೆಗೆ ಬರೋಣ.

ಸೆಸಿಲ್ ರೋಡ್ಸ್ ಹೆಸರು ನೀವು ಕೇಳಿರಬಹುದು. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಿಂದ ಕೋಟ್ಯಧೀಶನಾದವನು. 1877ರಲ್ಲಿ, ಇನ್ನೂ 24ರ ಹರೆಯದಲ್ಲಿ, ಅವನೊಂದು ಉಯಿಲು ಬರೆದ. ಬ್ರಿಟಿಷ್ ಆಳ್ವಿಕೆಯನ್ನು ಲೋಕಕ್ಕೆಲ್ಲ ಹರಡಲು ಒಂದು ಗುಪ್ತ ಸಂಘ ಕಟ್ಟಬೇಕು ಎಂದು ಅದರಲ್ಲಿ ಬರೆದಿದ್ದ! ಇದು ಕಟ್ಟುಕಥೆಯಲ್ಲ, ಆ ಬರಹ ಈಗಲೂ ಇದೆ. ಅವನು 1902ರಲ್ಲಿ ಸತ್ತಾಗ ಇದ್ದ ಕೊನೆಯ ಉಯಿಲಿನಲ್ಲಿ ಗುಪ್ತ ಸಂಘ ಇರಲಿಲ್ಲ, ಅದರ ಜಾಗದಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಇತ್ತು. ಅವನ ಹಣ ನೋಡಿಕೊಳ್ಳುವ ಟ್ರಸ್ಟಿಗಳಲ್ಲಿ ಆಲ್ಫ್ರೆಡ್ ಮಿಲ್ನರ್ ಒಬ್ಬ. ಈತ ದಕ್ಷಿಣ ಆಫ್ರಿಕಾದಲ್ಲಿ ಹೈಕಮಿಷನರ್ ಆಗಿದ್ದಾಗ ಆಕ್ಸ್‌ಫರ್ಡಿನಿಂದ ಹುಡುಗರನ್ನು ಕರೆಸಿ ಆಡಳಿತ ಕೊಟ್ಟಿದ್ದ. ಎಲ್ಲ ಎಳೆಯರು, ಹಾಗಾಗಿ ಜನ ತಮಾಷೆಗೆ ಅವರನ್ನು "ಮಿಲ್ನರನ ಶಿಶುವಿಹಾರ" ಎಂದು ಕರೆದರು. ಆ ಶಿಶುವಿಹಾರದ ಹುಡುಗರೇ ಲಯನೆಲ್ ಕರ್ಟಿಸ್, ಫಿಲಿಪ್ ಕೆರ್, ರಿಚರ್ಡ್ ಫೀಥಂ ಮೊದಲಾದವರು. ನಮ್ಮ ಐ.ಸಿ.ಎಸ್. ಅಧಿಕಾರಿಗಳಾದ ಜೇಮ್ಸ್ ಮೆಸ್ಟನ್ ಮತ್ತು ವಿಲಿಯಂ ಮ್ಯಾರಿಸ್ ಕೂಡ ಅಲ್ಲಿಗೆ ಹೋಗಿ ಕೆಲಸ ಮಾಡಿ ಬಂದವರು. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ.

ಇಂಗ್ಲೆಂಡಿಗೆ ಮರಳಿದ ಈ ಗೆಳೆಯರು 1909ರಲ್ಲಿ ಸೇರಿ "ರೌಂಡ್ ಟೇಬಲ್" ಎಂಬ ಕೂಟ ಮಾಡಿಕೊಂಡರು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದಲ್ಲೂ ಗುಂಪುಗಳಾದವು. 1910ರಲ್ಲಿ ಅದೇ ಹೆಸರಿನ ಪತ್ರಿಕೆ ಶುರುವಾಯಿತು. ಪತ್ರಿಕೆಯ ಲೇಖನಗಳಿಗೆ ಲೇಖಕರ ಹೆಸರೇ ಇರುತ್ತಿರಲಿಲ್ಲ. ಮುಖ್ಯವಾದ ಟಿಪ್ಪಣಿಗಳನ್ನು ಅಚ್ಚು ಹಾಕಿಸಿ, ತಮ್ಮ ತಮ್ಮಲ್ಲೇ ಹಂಚಿ, ತಿದ್ದಿ, ಮತ್ತೆ ಹಂಚುತ್ತಿದ್ದರು. ರೋಡ್ಸ್ ಟ್ರಸ್ಟಿನಿಂದ ಹಣವೂ ಬರುತ್ತಿತ್ತು. ಇಡೀ ಸಾಮ್ರಾಜ್ಯವನ್ನು ಒಂದೇ ಒಕ್ಕೂಟ ಮಾಡಿ, ಅದಕ್ಕೊಂದು ಪಾರ್ಲಿಮೆಂಟು ಕಟ್ಟಬೇಕು ಎಂಬುದು ಕರ್ಟಿಸನ ಹುಚ್ಚು. ಅವನ ಗೆಳೆಯರೇ ಅವನನ್ನು "ಪ್ರವಾದಿ" ಎಂದು ಕರೆಯುತ್ತಿದ್ದರಂತೆ!

ಆದರೆ ಆ ಒಕ್ಕೂಟದಲ್ಲಿ ಭಾರತದ ಜಾಗ ಎಲ್ಲಿ? ಅವರಿಗೂ ಈ ಪ್ರಶ್ನೆ ಬಂತು. 1909ರಲ್ಲಿ ಕರ್ಟಿಸ್ ಕೆನಡಾದ ಕಾಡುಗಳಲ್ಲಿ ಮ್ಯಾರಿಸ್ ಜೊತೆ ನಡೆದುಹೋಗುತ್ತಿದ್ದಾಗ, ಎಷ್ಟೇ ದೂರವಿರಲಿ, ಭಾರತಕ್ಕೆ ಸ್ವಯಮಾಡಳಿತ ಬಿಟ್ಟರೆ ಬೇರೆ ಗುರಿ ಇರಲಾರದು ಎಂದು ಮ್ಯಾರಿಸ್ ಹೇಳಿದನಂತೆ. ಇದನ್ನು ಕರ್ಟಿಸನೇ ಬರೆದುಕೊಂಡಿದ್ದಾನೆ. 1915-16ರಲ್ಲಿ ಲಂಡನ್ನಿನಲ್ಲಿ ಇವರದೊಂದು ಅಧ್ಯಯನ ಗುಂಪು ಸೇರಿತು. ಬಂಗಾಳದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ವಿಲಿಯಂ ಡ್ಯೂಕ್ ಅದರಲ್ಲಿ ಮುಖ್ಯ. ಪ್ರಾಂತ್ಯ ಸರ್ಕಾರದ ಕೆಲಸಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಭಾರತೀಯ ಮಂತ್ರಿಗಳಿಗೆ ಕೊಟ್ಟು, ಇನ್ನೊಂದನ್ನು ಬಿಳಿಯರೇ ಇಟ್ಟುಕೊಳ್ಳುವುದು ಎಂಬ ಯೋಜನೆ ಅಲ್ಲಿ ತಯಾರಾಯಿತು. 1916ರಲ್ಲಿ ವೈಸ್‌ರಾಯ್ ಆಗಿ ಬಂದ ಚೆಮ್ಸ್‌ಫರ್ಡ್ ಕೈಗೂ ಆ ಟಿಪ್ಪಣಿ ತಲುಪಿತು. ನಮ್ಮ ಪಠ್ಯಪುಸ್ತಕದಲ್ಲಿ "ದ್ವಿಸರ್ಕಾರ ಪದ್ಧತಿ" ಎಂದು ಎರಡು ಅಂಕದ ಪ್ರಶ್ನೆಯಾಗಿ ಬರುತ್ತದಲ್ಲ, ಅದು ಹುಟ್ಟಿದ್ದು ಹೀಗೆ.

ಅದೇ 1916ರ ಅಕ್ಟೋಬರಿನಲ್ಲಿ ಕರ್ಟಿಸ್ ಭಾರತಕ್ಕೆ ಬಂದ. ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದವನು ಅವನ ಹಳೆಯ ಗೆಳೆಯ ಮೆಸ್ಟನ್. ಮ್ಯಾರಿಸ್ ಕೂಡ ಅದೇ ಪ್ರಾಂತ್ಯದ ಅಧಿಕಾರಿ. ನವೆಂಬರಿನಲ್ಲಿ ಕರ್ಟಿಸ್ ಲಂಡನ್ನಿನ ಕೆರ್‌ಗೆ ಒಂದು ಉದ್ದನೆಯ ಪತ್ರ ಬರೆದ. ಬೇರೆ ದೇಶಗಳ ರೌಂಡ್ ಟೇಬಲ್ ಗುಂಪುಗಳಿಗೂ ಕಳಿಸಲು ಅದನ್ನು ಅಚ್ಚು ಹಾಕಿಸಿದ. ಎಲ್ಲಿ ಅಚ್ಚು ಹಾಕಿಸಿದ ಗೊತ್ತೇ? ಅಲಹಾಬಾದಿನ ಸರ್ಕಾರಿ ಮುದ್ರಣಾಲಯದಲ್ಲಿ!

ಸರ್ಕಾರಿ ಪ್ರೆಸ್ಸಿನಲ್ಲಿ ಅಚ್ಚಾದ ಕಾಗದ ಗುಟ್ಟಾಗಿ ಉಳಿಯುತ್ತದೆಯೇ? ಒಂದು ಪ್ರತಿ ಹೊರಗೆ ಬಿತ್ತು. ಪತ್ರಿಕೆಗಳಲ್ಲಿ ಪ್ರಕಟವಾಯಿತು. ಡಿಸೆಂಬರ್ ಕೊನೆಯಲ್ಲಿ ಲಕ್ನೋ ಕಾಂಗ್ರೆಸ್. ತಿಲಕರು, ಬೆಸೆಂಟ್ ಅಮ್ಮನವರು, ಜಿನ್ನಾ ಎಲ್ಲರೂ ಸೇರಿದ್ದ ಐತಿಹಾಸಿಕ ಅಧಿವೇಶನ ಅದು. ಅಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಭಾರತದ ಭವಿಷ್ಯವನ್ನು ಭಾರತೀಯರಿಗೇ ತಿಳಿಯದಂತೆ ಗವರ್ನರರ ಬಂಗಲೆಯಲ್ಲಿ ಕೂತು ತೀರ್ಮಾನಿಸುತ್ತಿದ್ದಾರೆ, ನಮ್ಮನ್ನು ಕೆನಡಾ, ದಕ್ಷಿಣ ಆಫ್ರಿಕಾಗಳ ಕೈಗೂ ಒಪ್ಪಿಸಲು ಹೊರಟಿದ್ದಾರೆ ಎಂಬ ಸಿಟ್ಟು.

ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯ ಕೂಲಿಗಳ ಮೇಲೆ ತಲೆಗೆ ಮೂರು ಪೌಂಡ್ ತೆರಿಗೆ ಹಾಕಿದ್ದರು. ಅದರ ವಿರುದ್ಧ 1913ರಲ್ಲಿ ಗಾಂಧೀಜಿಯವರ ಸತ್ಯಾಗ್ರಹ ನಡೆದಿತ್ತು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಹೋದ ನಮ್ಮವರನ್ನು ಕೆನಡಾ ದಡಕ್ಕೂ ಇಳಿಸದೆ ವಾಪಸು ಕಳಿಸಿತ್ತು. ಅಂಥವರು ಕೂರುವ ಪಾರ್ಲಿಮೆಂಟಿನ ಕೆಳಗೆ ಭಾರತ ಇರಬೇಕೆಂದರೆ ಯಾರು ತಾನೇ ಒಪ್ಪುತ್ತಾರೆ? ಕರ್ಟಿಸ್ ಗಾಬರಿಯಾಗಿ, ತನ್ನದು ಖಾಸಗಿ ಪತ್ರ, ಸರ್ಕಾರದ ಸಂಚಲ್ಲ ಎಂದು ಭಾರತದ ಜನರಿಗೆ ಬಹಿರಂಗ ಪತ್ರ ಬರೆದು 1917ರಲ್ಲಿ ಅಚ್ಚು ಹಾಕಿಸಿದ. ಆದರೆ ಒಮ್ಮೆ ಹುಟ್ಟಿದ ಅನುಮಾನ ಹೋಗುತ್ತದೆಯೇ?

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಆ ಅನುಮಾನ ನಿಜವೇ, ಸುಳ್ಳೇ? ನನ್ನ ಉತ್ತರ: ಅರ್ಧ ನಿಜ. ಆ ಅರ್ಧವನ್ನು ಸರಿಯಾಗಿ ಅಳೆಯುವುದೇ ಇತಿಹಾಸದ ಕೆಲಸ.

ನಿಜವಾದ ಅರ್ಧ ಇದು. 1918ರಲ್ಲಿ ಬಂದ ಮಾಂಟೆಗ್ಯೂ-ಚೆಮ್ಸ್‌ಫರ್ಡ್ ವರದಿಯ ಕರಡಿನಲ್ಲಿ ಮ್ಯಾರಿಸನ ಕೈ ಇತ್ತು. ಯಾವ ಖಾತೆ ಮಂತ್ರಿಗಳಿಗೆ, ಯಾವುದು ಗವರ್ನರನಿಗೆ ಎಂದು ಪಾಲು ಮಾಡಿದ ಸಮಿತಿಯ ಅಧ್ಯಕ್ಷ ದಕ್ಷಿಣ ಆಫ್ರಿಕಾದ ಅದೇ ಫೀಥಂ. ಕೇಂದ್ರಕ್ಕೂ ಪ್ರಾಂತ್ಯಗಳಿಗೂ ಹಣ ಹಂಚಿದ 1920ರ ಸಮಿತಿಯ ಅಧ್ಯಕ್ಷ ಮೆಸ್ಟನ್. ನೋಡಿದಿರಾ? ಒಂದೇ ಶಿಶುವಿಹಾರ! 1919ರ ಕಾಯಿದೆಯಲ್ಲಿ ದ್ವಿಸರ್ಕಾರ ಬಂದೇಬಿಟ್ಟಿತು. ಕರ್ಟಿಸ್ 1920ರಲ್ಲಿ ಅದರ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ತಂದ.

ಉಳಿದ ಅರ್ಧ ಇದು. 1917ರ ಆಗಸ್ಟ್ 20ರಂದು ಮಾಂಟೆಗ್ಯೂ ಘೋಷಣೆ ಬಂದದ್ದು ಕರ್ಟಿಸನ ಪತ್ರದಿಂದಲ್ಲ. ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯ ಸೈನಿಕರು ಹೋರಾಡುತ್ತಿದ್ದರು. ಕಾಂಗ್ರೆಸ್ಸೂ ಮುಸ್ಲಿಂ ಲೀಗೂ ಲಕ್ನೋದಲ್ಲಿ ಒಂದಾಗಿದ್ದವು. ಹೋಂರೂಲ್ ಚಳವಳಿ ಹಬ್ಬಿತ್ತು. 1917ರ ಜೂನಿನಲ್ಲಿ ಬೆಸೆಂಟ್, ಅರುಂಡೇಲ್, ಬಿ.ಪಿ. ವಾಡಿಯಾ ಮೂವರನ್ನೂ ಬಂಧನದಲ್ಲಿಟ್ಟಾಗ ದೇಶವೇ ಕೆರಳಿತ್ತು. ಘೋಷಣೆಯಲ್ಲಿದ್ದ "ಜವಾಬ್ದಾರಿ ಸರ್ಕಾರ" ಎಂಬ ಮಾತನ್ನು ಸೇರಿಸಿದವನು ಕರ್ಜನ್, ಅವನು ಈ ಗುಂಪಿನವನಲ್ಲ. ಇನ್ನೂ ಮುಖ್ಯವಾದದ್ದು, ಕರ್ಟಿಸನ ದೊಡ್ಡ ಕನಸಾದ ಸಾಮ್ರಾಜ್ಯ ಪಾರ್ಲಿಮೆಂಟು ಮಣ್ಣುಪಾಲಾಯಿತು. 1917ರಲ್ಲೇ ಡೊಮಿನಿಯನ್‌ಗಳು ನಾವು ಸ್ವಾಯತ್ತ ಎಂದು ನಿರ್ಣಯ ಮಾಡಿಕೊಂಡವು. ಲೋಕವನ್ನೇ ಆಡಿಸುವ ಗುಪ್ತ ಸಂಘ ತನ್ನ ಮೊದಲ ಆಸೆಯನ್ನೇ ಈಡೇರಿಸಿಕೊಳ್ಳಲಿಲ್ಲ. ಅಂದರೆ ಅದು ಪ್ರಭಾವಿ ಗುಂಪು ಹೌದು, ಸರ್ವಶಕ್ತ ದೇವರಲ್ಲ.

ಈ ದ್ವಿಸರ್ಕಾರ ನಮ್ಮ ಊರಿಗೆ ಏನು ಮಾಡಿತು? ಆಗ ಆದೋನಿ ತಾಲ್ಲೂಕು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿತ್ತು. 1920ರ ಡಿಸೆಂಬರಿನಲ್ಲಿ ಜಸ್ಟಿಸ್ ಪಕ್ಷದ ಸುಬ್ಬರಾಯಲು ರೆಡ್ಡಿಯಾರ್ ಮೊದಲ ಮುಖ್ಯಮಂತ್ರಿಯಾದರು. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆ, ಕೃಷಿ, ಅಬಕಾರಿ ಮಂತ್ರಿಗಳ ಪಾಲಿಗೆ. ಹಣಕಾಸು, ಕಂದಾಯ, ನೀರಾವರಿ, ಪೊಲೀಸು ಗವರ್ನರನ ಪಾಲಿಗೆ. ಮಕ್ಕಳಿಗೆ ನಾನು ಹೀಗೆ ಹೇಳಿದೆ: "ಅಡುಗೆ ಮನೆ ನಿನ್ನದು, ಆದರೆ ಅಕ್ಕಿ ಚೀಲದ ಬೀಗದ ಕೈ ನನ್ನ ಹತ್ತಿರ ಇರುತ್ತೆ. ಊಟ ಚೆನ್ನಾಗಿಲ್ಲ ಅಂದ್ರೆ ಜನ ಬೈಯೋದು ನಿನ್ನನ್ನ." ಮಕ್ಕಳಿಗೆ ಥಟ್ಟನೆ ಅರ್ಥವಾಯಿತು!

ಆ ಕಾಲದ ಮಂತ್ರಿ ಕೆ.ವಿ. ರೆಡ್ಡಿ ನಾಯ್ಡು, ತಾನು ಅಭಿವೃದ್ಧಿ ಮಂತ್ರಿ, ಆದರೆ ಕಾಡು ತನ್ನದಲ್ಲ. ಕೃಷಿ ಮಂತ್ರಿ, ಆದರೆ ನೀರಾವರಿ ತನ್ನದಲ್ಲ ಎಂದು ಆಮೇಲೆ ಹೇಳಿಕೊಂಡರು. ಬರಗಾಲದ ಈ ಸೀಮೆಯಲ್ಲಿ ನೀರಿಲ್ಲದ ಕೃಷಿ ಮಂತ್ರಿ ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಶಾಲೆಯ ಕಥೆಯೂ ಅಷ್ಟೇ. ಹಳ್ಳಿಗೊಂದು ಶಾಲೆ ಬೇಕೆಂದು ಮಂತ್ರಿ ಹೇಳಬಹುದು, ಹಣದ ಪೆಟ್ಟಿಗೆ ಬೇರೆಯವರ ಹತ್ತಿರ. ಕೈಗೆ ಬಂದ ಖಾತೆಗಳಲ್ಲಿ ಆದಾಯ ಇದ್ದದ್ದು ಅಬಕಾರಿಗೆ. ಜನ ಹೆಚ್ಚು ಕುಡಿದರೆ ಶಾಲೆಗೆ ಹೆಚ್ಚು ಹಣ! ಗಾಂಧೀಜಿ ಇದನ್ನು ಬಹಳ ನೊಂದುಕೊಂಡು ಟೀಕಿಸಿದರು. 1937ರ ಏಪ್ರಿಲ್‌ನಲ್ಲಿ ಹೊಸ ಕಾಯಿದೆ ಜಾರಿಗೆ ಬರುವ ತನಕ ಈ ಪದ್ಧತಿ ನಡೆಯಿತು.

ಒಂದು ಮಾತು ಗಮನಿಸಿ. ಯೋಜನೆ ಹುಟ್ಟಿದ್ದು ಮುಚ್ಚಿದ ಕೋಣೆಯಲ್ಲಿ, ನಿಜ. ಆದರೆ ಅದು ನಮ್ಮನ್ನು ಹದಿನಾರು ವರ್ಷ ಆಳಿದ್ದು ಎಲ್ಲರೆದುರು ಅಚ್ಚಾದ ಕಾಯಿದೆಯಾಗಿ. ಆ ಕಾಯಿದೆಯನ್ನು ಓದಿದವರು, ಅದರ ತೂತುಗಳನ್ನು ತೋರಿಸಿದವರು, ಸಮಿತಿಗಳ ಮುಂದೆ ಸಾಕ್ಷ್ಯ ಹೇಳಿದವರು ಅದನ್ನು ಬದಲಿಸಿದರು. ಬರೀ ಸಂಚು ಸಂಚು ಎಂದು ಕೂಗಿದವರಿಂದ ಅದು ಬದಲಾಗಲಿಲ್ಲ.

ಇನ್ನು ಸಂಶೋಧನಾ ಸಂಸ್ಥೆಗಳ ವಿಷಯ. 1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೋಗಿದ್ದ ಬ್ರಿಟಿಷರೂ ಅಮೆರಿಕನ್ನರೂ ಒಂದು ಹೋಟೆಲಿನಲ್ಲಿ ಸೇರಿ, ವಿದೇಶ ವ್ಯವಹಾರ ಅಧ್ಯಯನ ಮಾಡಲು ಸಂಸ್ಥೆ ಬೇಕು ಎಂದುಕೊಂಡರು. ಮುಂದೆ ನಿಂತವನು ಅದೇ ಕರ್ಟಿಸ್. 1920ರಲ್ಲಿ ಲಂಡನ್ನಿನ ಸಂಸ್ಥೆ ಶುರುವಾಯಿತು, ಅದನ್ನೇ ಅದರ ಕಟ್ಟಡದ ಹೆಸರಿನಿಂದ ಚಾಥಂ ಹೌಸ್ ಎನ್ನುತ್ತಾರೆ. ಅಮೆರಿಕನ್ನರದು 1921ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ವಿದೇಶ ಸಂಬಂಧಗಳ ಮಂಡಳಿ. ಚಾಥಂ ಹೌಸಿನಲ್ಲಿ 1927ರಿಂದ ಒಂದು ನಿಯಮವಿದೆ. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಆದರೆ ಯಾರು ಹೇಳಿದರು ಎಂದು ಹೇಳಬಾರದು. ಸಂಚಿನ ಕಥೆ ಕಟ್ಟುವವರಿಗೆ ಇಷ್ಟು ಸಾಕಲ್ಲವೇ?

ಅಮೆರಿಕದ ಇತಿಹಾಸ ಪ್ರಾಧ್ಯಾಪಕ ಕ್ಯಾರಲ್ ಕ್ವಿಗ್ಲಿ 1966ರ ತನ್ನ ದೊಡ್ಡ ಪುಸ್ತಕದಲ್ಲಿ ಮಿಲ್ನರನ ಗುಂಪಿನ ಪ್ರಭಾವದ ಬಗ್ಗೆ ಬರೆದ. 1971ರಲ್ಲಿ ಇನ್ನೊಬ್ಬರು ಅದರಿಂದ ಕೆಲವು ಪುಟ ಎತ್ತಿಕೊಂಡು, ಇಡೀ ಲೋಕವನ್ನೇ ಒಂದು ಗುಂಪು ಆಡಿಸುತ್ತಿದೆ ಎಂದು ಚಿಕ್ಕ ಪುಸ್ತಕ ಬರೆದು ಲಕ್ಷಗಟ್ಟಲೆ ಹಂಚಿದರು. ತಾನು ಹೇಳಿದ್ದು ಅದಲ್ಲ ಎಂದು ಕ್ವಿಗ್ಲಿ ಪ್ರತಿಭಟಿಸಿದ. ಕೇಳಿದವರು ಯಾರು? ಇಂದಿನ ವಿಡಿಯೋಗಳ ಮೂಲ ಹುಡುಕುತ್ತ ಹೋದರೆ ಬಹುಪಾಲು ಅಲ್ಲಿಗೇ ಹೋಗಿ ನಿಲ್ಲುತ್ತವೆ.

ಸೋಮವಾರ ನಾನು ಮಕ್ಕಳಿಗೆ ಒಂದು ಆಟ ಆಡಿಸಿದೆ. "ಬನ್ನಿ, ನಾವೇ ಒಂದು ಸಂಚು ಕಟ್ಟೋಣ" ಎಂದೆ. ಬೋರ್ಡಿನ ಮೇಲೆ ಬಾಣದ ಗುರುತು ಹಾಕುತ್ತ ಬರೆದೆ. ಕರ್ಟಿಸ್ ಗುಪ್ತವಾಗಿ ಪತ್ರ ಬರೆದ. ಅವನೇ ಚಾಥಂ ಹೌಸ್ ಕಟ್ಟಿದ. 1936ರಲ್ಲಿ ಅದಕ್ಕೆ ಸೇರಿದ ಸಂಸ್ಥೆ ಭಾರತದಲ್ಲೂ ಶುರುವಾಯಿತು. 1943ರಲ್ಲಿ ದೆಹಲಿಯಲ್ಲಿ ವಿಶ್ವ ವ್ಯವಹಾರಗಳ ಭಾರತೀಯ ಮಂಡಳಿ ಹುಟ್ಟಿತು, ಕಟ್ಟಿದವರಲ್ಲಿ ಒಬ್ಬರು ಹೃದಯನಾಥ ಕುಂಜ್ರು. ಇದೇ ಕುಂಜ್ರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಅಧ್ಯಕ್ಷರು. ಅದರ ಸದಸ್ಯರು ವ್ರತ ತೊಟ್ಟು ಸೇರುವವರು! ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಹಿಂದೆ ಇರುವುದೂ ಇದೇ ಸೊಸೈಟಿ. ಇದೇ ಕುಂಜ್ರು 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಒಬ್ಬರು. ಆ ಆಯೋಗ ಬಳ್ಳಾರಿಯನ್ನೂ ಆಂಧ್ರಕ್ಕೆ ಕೊಡಿ ಎಂದಿತು!

ಮಕ್ಕಳ ಕಣ್ಣು ಅಗಲವಾದವು. "ಅಬ್ಬಾ! ಹಾಗಾದ್ರೆ ನಿಜ ಸಾರ್!" ಎಂದರು. ನೋಡಿ, ನಾನು ಬರೆದ ಒಂದೊಂದು ಸಾಲೂ ನಿಜ. ಸುಳ್ಳು ಇದ್ದದ್ದು ಬಾಣದ ಗುರುತಿನಲ್ಲಿ.

ಆಮೇಲೆ ಒಂದೊಂದೇ ಬಾಣ ಅಳಿಸಿದೆ. 1943ರ ಮಂಡಳಿಯನ್ನು ಸಪ್ರು, ಕುಂಜ್ರು ಮೊದಲಾದವರು ಕಟ್ಟಿದ್ದೇ ಚಾಥಂ ಹೌಸಿನ ನೆರಳಿನಲ್ಲಿದ್ದ ಸಂಸ್ಥೆ ಬೇಡ, ಭಾರತೀಯರದೇ ಸ್ವತಂತ್ರ ಸಂಸ್ಥೆ ಬೇಕು ಎಂದು. ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ 1905ರಲ್ಲಿ ಗೋಖಲೆಯವರು ಬಹಿರಂಗವಾಗಿ ಸ್ಥಾಪಿಸಿದ ಸೇವಾ ಸಂಘ. 1930ರಲ್ಲಿ ಶುರುವಾದ ಪುಣೆಯ ಸಂಸ್ಥೆ ತನ್ನ ಸಮೀಕ್ಷೆಗಳನ್ನು ಪುಸ್ತಕವಾಗಿ ಪ್ರಕಟಿಸುತ್ತ ಬಂತು. ಬೆಂಗಳೂರಿನಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯೂ ಹಾಗೆಯೇ. ಅವರ ಮಾತು ಸರಿಯೋ ತಪ್ಪೋ, ಓದಿ ಜಗಳ ಆಡಬಹುದು. ಇನ್ನು ಬಳ್ಳಾರಿ? ತುಂಗಭದ್ರಾ ಯೋಜನೆಯ ಕಾರಣ ಕೊಟ್ಟು ಆಯೋಗ 1955ರಲ್ಲಿ ಶಿಫಾರಸು ಮಾಡಿದ್ದು ನಿಜ. ಆದರೆ ಅದನ್ನು ಒಪ್ಪಲಿಲ್ಲ. ಬಳ್ಳಾರಿ ಮೈಸೂರಿನಲ್ಲೇ ಉಳ್ಕೊಂಡಿತು. ಅಷ್ಟು ಉದ್ದದ ಸಂಚಿನ ಸರಪಳಿ ಜನರ ಒತ್ತಾಯಕ್ಕೆ ತುಂಡಾಗಿ ಬಿತ್ತೇ?

ನಮ್ಮ ಆದೋನಿಯ ವಿಷಯದಲ್ಲೂ ಇಂಥ ಮಾತು ಕೇಳಿರುತ್ತೀರಿ. ಹತ್ತಿ ಮಾರ್ಕೆಟ್ಟಿನ ಹತ್ತಿರದ ಟೀ ಅಂಗಡಿಯಲ್ಲಿ ಹಿರಿಯರು ಈಗಲೂ ಹೇಳುತ್ತಾರೆ, "ರಾತ್ರೋರಾತ್ರಿ ಯಾರೋ ದೊಡ್ಡವರು ಒಳಒಪ್ಪಂದ ಮಾಡಿಕೊಂಡು ನಮ್ಮನ್ನು ಆಂಧ್ರಕ್ಕೆ ಬರೆದುಕೊಟ್ಟರು" ಅಂತ. ನೋವಿನಲ್ಲಿ ಆಡುವ ಮಾತು ಅದು. ನನಗೂ ಆ ನೋವು ಇದೆ. ಆದರೆ ದಾಖಲೆ ಬೇರೆ ಹೇಳುತ್ತದೆ. 1921ರಲ್ಲೇ ಕಾಂಗ್ರೆಸ್ಸಿನ ಆಂಧ್ರ ಮತ್ತು ಕರ್ನಾಟಕ ಪ್ರಾಂತ್ಯ ಸಮಿತಿಗಳ ಗಡಿ ಜಗಳ ಬಂದಾಗ ಎನ್.ಸಿ. ಕೇಳ್ಕರ್ ತೀರ್ಪು ಕೊಟ್ಟು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರದ ಕಡೆಗೆ ಹಾಕಿದ್ದರು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ ನ್ಯಾಯಮೂರ್ತಿ ವಾಂಚೂ ವರದಿ ಬಂತು. ಅದೂ ಈ ಮೂರು ತಾಲ್ಲೂಕುಗಳನ್ನು ಆಂಧ್ರಕ್ಕೇ ಸೇರಿಸಿತು. ಬಳ್ಳಾರಿ ತಾಲ್ಲೂಕಿನ ಜಗಳ ಮಾತ್ರ ಬಗೆಹರಿಯದೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಮುಂದೆ ಹೋಯಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ಒಂದು ರಾತ್ರಿಯಲ್ಲ, ಮೂವತ್ತೆರಡು ವರ್ಷ ಎಲ್ಲರೆದುರು ನಡೆದ ವಾದ. ಅದರಲ್ಲಿ ನಮ್ಮ ಪಕ್ಷ ಸೋತಿತು. ಸೋತದ್ದನ್ನು ಸೋತೆವು ಎಂದು ಹೇಳಲು ಕಷ್ಟವಾದಾಗ ಸಂಚಿನ ಕಥೆ ಹುಟ್ಟುತ್ತದೆ.

ಇದಕ್ಕಿಂತ ಮುಖ್ಯವಾದದ್ದನ್ನು ನಾವು ಮರೆತಿದ್ದೇವೆ. ಯಾವ ಆಯೋಗವನ್ನು ಬೈಯುತ್ತೇವೋ, ಅದೇ ಆಯೋಗ ಗಡಿಯ ಈಚೆ ಉಳಿದ ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ರಕ್ಷಣೆ ಬೇಕು ಎಂದಿತು. ಅದರ ಫಲವೇ 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ ಸಂವಿಧಾನದ 350ಎ ವಿಧಿ. ಹೊಳಗುಂದ, ಹಾಲಹರ್ವಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಇವತ್ತು "ಅ ಆ ಇ ಈ" ಕಲಿಯುತ್ತಿರುವುದರ ಹಿಂದೆ ಆ ಒಂದು ವಿಧಿ ಇದೆ. ಸಂಚು ಹುಡುಕುವವನು ವರದಿಯನ್ನು ಓದುವುದಿಲ್ಲ. ಹಾಗಾಗಿ ಅದರಲ್ಲಿ ತನಗೆ ಸಿಕ್ಕ ಆಯುಧವೂ ಅವನಿಗೆ ಕಾಣುವುದಿಲ್ಲ.

ಈಗಿನ ಕಾಲಕ್ಕೆ ಬರೋಣ. ನಮ್ಮ ಶಾಲೆಗಳಿಗೆ ಅಪಾಯ ಇಲ್ಲವೇ? ಇದೆ. ಆದರೆ ಅದೆಲ್ಲ ನಂಬರ್ ಹಾಕಿ, ಸಹಿ ಮಾಡಿ ಬಂದ ಅಪಾಯ. 2019ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಜಿ.ಓ. ಹೊರಡಿಸಿತು. ಜನ ಕೋರ್ಟಿಗೆ ಹೋದರು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ಆದೇಶಗಳನ್ನು ರದ್ದು ಮಾಡಿತು. 2022ರ ಜೂನಿನಲ್ಲಿ 117ನೇ ಜಿ.ಓ. ಬಂತು. 3, 4, 5ನೇ ತರಗತಿಗಳನ್ನು ಹೈಸ್ಕೂಲುಗಳಿಗೆ ಸೇರಿಸುವ, ಮಕ್ಕಳ ಸಂಖ್ಯೆ ನೋಡಿ ಹುದ್ದೆ ಹಂಚುವ ಲೆಕ್ಕ ಅದರದು. ಉಪಾಧ್ಯಾಯ ಸಂಘಗಳು ಬೀದಿಗಿಳಿದವು. ಮುಂದೆ ಸರ್ಕಾರ ಬದಲಾಗಿ 2025ರಲ್ಲಿ ಅದು ಹೋಯಿತು. ವಿಶ್ವಬ್ಯಾಂಕ್ 2021ರಲ್ಲಿ ನಮ್ಮ ರಾಜ್ಯದ ಶಾಲಾ ಶಿಕ್ಷಣಕ್ಕೆ 25 ಕೋಟಿ ಡಾಲರ್ ಸಾಲ ಕೊಡುವ ಯೋಜನೆಗೆ ಒಪ್ಪಿತು. ಇದರ ಬಗ್ಗೆಯೂ ಪಿಸುಮಾತು ಬಹಳ. ಆದರೆ ಆ ಯೋಜನೆಯ ಕಾಗದಗಳು ಬ್ಯಾಂಕಿನ ವೆಬ್‌ಸೈಟಿನಲ್ಲೇ ಇವೆ. ಪಿಸುಗುಟ್ಟುವವರಲ್ಲಿ ಎಷ್ಟು ಜನ ಓದಿದ್ದೇವೆ? ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ.

ದೊಡ್ಡ ಸಂಸ್ಥೆಗಳ ಸಲಹೆಯನ್ನು ಪ್ರಶ್ನಿಸಬಾರದು ಎಂದು ನಾನು ಹೇಳುತ್ತಿಲ್ಲ. ಪ್ರಶ್ನಿಸಲೇಬೇಕು. ಯಾರ ಹಣ, ಯಾರು ಬರೆದದ್ದು, ಹಳ್ಳಿ ಶಾಲೆಗೆ ಕಾಲಿಟ್ಟು ನೋಡಿ ಬರೆದರೋ ಇಲ್ಲವೋ, ಕನ್ನಡ ಮಾಧ್ಯಮದ ಮಕ್ಕಳನ್ನು ಬೇರೆಯಾಗಿ ಎಣಿಸಿದರೋ ಇಲ್ಲವೋ ಎಂದು ಕೇಳಬೇಕು. ಲಕ್ನೋದಲ್ಲಿ ಸೇರಿದ್ದವರು ಕರ್ಟಿಸನ ಪತ್ರವನ್ನು ಕೈಯಲ್ಲಿ ಹಿಡಿದು, ಓದಿ, ಅದರ ಸಾಲುಗಳನ್ನು ತೋರಿಸಿ ಕೇಳಿದರು. ಕಾಗದ ಕೈಯಲ್ಲಿದ್ದರೆ ಅದು ಪ್ರಶ್ನೆ, ಕಾಗದವಿಲ್ಲದಿದ್ದರೆ ಗಾಳಿಮಾತು.

ಗಾಳಿಮಾತಿಗೆ ನಾವು ತೆರುವ ಬೆಲೆ ಏನು? ಆ ಹುಡುಗನ ಅಪ್ಪನನ್ನು ನೆನೆಯಿರಿ. "ಹೇಗೂ ಮುಚ್ಚುತ್ತಾರೆ" ಎಂದು ಅವರೊಬ್ಬರು ಟಿ.ಸಿ. ತೆಗೆಸುತ್ತಾರೆ. ಪಕ್ಕದ ಮನೆಯವರೂ ತೆಗೆಸುತ್ತಾರೆ. ಮುಂದಿನ ವರ್ಷ ಹಾಜರಿ ಪುಸ್ತಕದಲ್ಲಿ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಶಾಲೆ ಹೋಗುತ್ತದೆ. ಆಗ ಎಲ್ಲರೂ ಹೇಳುತ್ತಾರೆ, "ನೋಡಿದ್ರಾ, ಅವತ್ತೇ ವಿಡಿಯೋದಲ್ಲಿ ಹೇಳಿರಲಿಲ್ವಾ?" ಅಲ್ಲಿಗೆ ಯಾವ ಗುಪ್ತ ಸಂಘವೂ ಬೇಕಾಗಲಿಲ್ಲ. ನಮ್ಮ ಭಯವೇ ಶಾಲೆಗೆ ಬೀಗ ಹಾಕಿತು.

ಆ ಭಾನುವಾರ ಸಂಜೆ ಅವರ ಮನೆಗೆ ಹೋಗಿದ್ದೆ. ಹೊಲದಿಂದ ಆಗತಾನೆ ಬಂದಿದ್ದರು. ಚಾಥಂ ಹೌಸ್, ಕರ್ಟಿಸ್ ಇವೆಲ್ಲ ಹೇಳಲಿಲ್ಲ. 350ಎ ವಿಧಿಯ ಬಗ್ಗೆ ಹೇಳಿದೆ, ಹೈಕೋರ್ಟಿನ ತೀರ್ಪಿನ ಬಗ್ಗೆ ಹೇಳಿದೆ. "ಮುಚ್ಚೋ ಆರ್ಡರು ಬಂದಿದೆ ಅಂತ ಯಾರಾದ್ರೂ ಹೇಳಿದ್ರೆ, ಆರ್ಡರ್ ನಂಬರ್ ಕೇಳಣ್ಣ. ನಂಬರ್ ಕೊಟ್ರೆ ನನ್ನ ಹತ್ರ ತಗೊಂಡು ಬಾ, ಇಬ್ರೂ ಕೂತು ಓದೋಣ. ಏನು ಮಾಡ್ಬೇಕೋ ಆಮೇಲೆ ನೋಡೋಣ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಸಾರ್, ಈಗ ಟಿ.ಸಿ. ಬ್ಯಾಡ ಬಿಡ್ರಿ. ಯುಗಾದಿ ಮುಗೀಲಿ, ನೋಡೋಣ" ಎಂದರು.

ಯುಗಾದಿ ತನಕ ಸಮಯ ಸಿಕ್ಕಿದೆ. ಕನ್ನಡ ಶಾಲೆಯ ಉಪಾಧ್ಯಾಯ ಬಂಧುಗಳೇ, ನಿಮ್ಮ ಊರಿನಲ್ಲೂ ಇಂಥ ಒಂದು ಮನೆ ಇದ್ದೇ ಇರುತ್ತದೆ. ಜಿ.ಓ. ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿಬನ್ನಿ.